ಎರಡನೇ ಸಲ ಒರೆಸಿದ ನೆಲ

ನೆಲ ಒರೆಸಿದ ಬಟ್ಟೆಯನ್ನು ಎಷ್ಟು ತೊಳೆದು ಹಿಂಡಿ ಒಣಹಾಕಿದರೂ ಅದರಲ್ಲೊಂದು ವಾಸನೆ ಉಳಿದುಬಿಡುತ್ತದೆ. ಕೆಟ್ಟ ವಾಸನೆಯೇನಲ್ಲ, ಧೂಳು, ಸೋಪು, ಹಳೆಯ ಹತ್ತಿ. ದೋಹಾದ ಬಿಸಿಲಿಗೆ ಬಟ್ಟೆ ನೋಡನೋಡುತ್ತ ಹಪ್ಪಳದ ಹಾಗೆ ಗರಿಗರಿಯಾಗುತ್ತದೆ, ವಾಸನೆ ಮಾತ್ರ ಹೋಗುವುದಿಲ್ಲ. ಹೋದ ಶನಿವಾರ ಬೆಳಿಗ್ಗೆ ಅಮ್ಮ ಅಂಥದೊಂದು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಾಗ, ಬಟ್ಟೆಗಿಂತ ಮೊದಲು ಆ ವಾಸನೆಯೇ ನನಗೆ ತಲುಪಿತು.

"ಇದು ನಿಂದೇನೇ?"

"ಹೂಂ."

"ಬಾಲ್ಕನೀಲಿ ಐರಿನ್ ನೋಡಿದಾರೆ. ಅವರು ಒರೆಸಿ ಹೋದ್ಮೇಲೆ ನೀನು ಮತ್ತೆ ಒರೆಸ್ತೀಯಂತೆ? ಮುಂದಿನ ತಿಂಗಳಿಂದ ಬರಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂತಿದಾರೆ. ಏನೇ ಇದೆಲ್ಲ?"

ಐರಿನ್ ಆಂಟಿ ಮಂಗಳೂರು ಕಡೆಯವರು. ಗಂಡ ಇಲ್ಲಿ ಬಸ್ಸು ಓಡಿಸುತ್ತಾರೆ. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಐನ್ ಖಾಲಿದ್‌ನ ನಮ್ಮ ಮನೆಗೆ ವಾರಕ್ಕೆರಡು ಸಲ ಬಂದು ಗುಡಿಸಿ, ಒರೆಸಿ, ಪಾತ್ರೆ ತೊಳೆದು ಹೋಗುತ್ತಾರೆ. ಅವರು ಬಿಟ್ಟು ಹೋಗುತ್ತಾರೆಂದರೆ ಮನೆಯ ಒಬ್ಬರು ಹೋದಂತೆ. ಅದಕ್ಕೆ ಕಾರಣ ನಾನು. ಇದನ್ನು ಅಮ್ಮನಿಗೆ ವಿವರಿಸಬೇಕೆಂದರೆ ಜಪಾನಿನಿಂದ ಶುರುಮಾಡಬೇಕು. ನಿಮಗೂ ಅಲ್ಲಿಂದಲೇ ಹೇಳುತ್ತೇನೆ.

ಹನ್ನೊಂದನೇ ತರಗತಿಯಲ್ಲಿದ್ದಾಗ ವಿದ್ಯಾರ್ಥಿ ವಿನಿಮಯದಲ್ಲಿ ಒಂದು ವರ್ಷ ಜಪಾನಿಗೆ ಹೋಗಿದ್ದೆ. ಸಮುದ್ರದ ಪಕ್ಕದ ಸಣ್ಣ ಊರು. ಇರುವುದಕ್ಕೆ ಒಂದು ಮನೆ, ಆ ಮನೆಗೊಬ್ಬಳು ನನ್ನದೇ ವಯಸ್ಸಿನ ಮಗಳು, ಮಿಸಾಕಿ. ಇಬ್ಬರೂ ಒಂದೇ ತರಗತಿ. ಸೈಕಲ್ಲಿನಲ್ಲಿ ಜೊತೆಗೇ ಹೋಗಿ ಜೊತೆಗೇ ಬರುತ್ತಿದ್ದೆವು. ಜಪಾನ್ ಹೇಗಿತ್ತು ಎಂದು ಕೇಳುವವರಿಗೆ ಹೂಬಿಟ್ಟ ಮರಗಳು, ಸಮಯಕ್ಕೆ ಸರಿಯಾಗಿ ಬರುವ ರೈಲು, ಅನ್ನದ ಡಬ್ಬಿ ಇಷ್ಟನ್ನು ಹೇಳಿ ಮುಗಿಸುತ್ತೇನೆ. ಕೇಳುವವರಿಗೂ ಬೇಕಾದದ್ದು ಅಷ್ಟೇ. ನನ್ನಲ್ಲಿ ಉಳಿದಿರುವುದು ಮಾತ್ರ ಕೊನೆಯ ಪಾಠ ಮುಗಿದ ಮೇಲಿನ ಸ್ವಲ್ಪ ಹೊತ್ತು.

ಮೊದಲ ದಿನ ಗಂಟೆ ಹೊಡೆಯಿತು, ಧ್ವನಿವರ್ಧಕದಲ್ಲಿ ಸಂಗೀತ ಬಂತು. ಮಕ್ಕಳೆಲ್ಲ ಎದ್ದು ಡೆಸ್ಕುಗಳನ್ನು ಹಿಂದಕ್ಕೆ ತಳ್ಳಿ, ಕಪಾಟಿನಿಂದ ಪೊರಕೆ ತೆಗೆದುಕೊಂಡರು. ಶಾಲೆಯನ್ನು ಅವರೇ ಗುಡಿಸಿ ಒರೆಸುವುದು ಅಲ್ಲಿನ ಪದ್ಧತಿ. ಇಲ್ಲಿ ನಮ್ಮ ಮನೆಯ ಪದ್ಧತಿಯನ್ನೂ ಹೇಳಬೇಕು. ಐರಿನ್ ಆಂಟಿಯ ಮಾಪು ಹತ್ತಿರ ಬಂದ ಕೂಡಲೇ ನಾವೆಲ್ಲ ಸೋಫಾದ ಮೇಲೆ ಕಾಲೆತ್ತಿಕೊಳ್ಳುತ್ತೇವೆ. ಫೋನಿನಿಂದ ಕಣ್ಣು ತೆಗೆಯಬೇಕಾಗಿಲ್ಲ, ಕಾಲು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಶುಚಿತ್ವದ ಕೆಲಸದಲ್ಲಿ ನನಗೆ ಬರುತ್ತಿದ್ದದ್ದು ಅದೊಂದೇ. ಹಾಗಾಗಿ ಅಲ್ಲಿಯೂ ಡೆಸ್ಕಿನ ಮೇಲೆ ಕುಳಿತು ಎರಡೂ ಕಾಲು ಎತ್ತಿಕೊಂಡೆ. ಪೊರಕೆ ಹಿಡಿದಿದ್ದ ಹುಡುಗಿ ನನ್ನ ಮುಂದೆ ನಿಂತು, ನಾನೇನೋ ಪ್ರಾರ್ಥನೆ ಮಾಡುತ್ತಿದ್ದೇನೆ ಎಂಬಂತೆ ಸೌಜನ್ಯದಿಂದ ಕಾದಳು. ಮಿಸಾಕಿ ಬಂದು ನನ್ನ ಕೈಗೊಂದು ಬಟ್ಟೆ ಕೊಟ್ಟಳು.

ಹಳೆಯ ಟವೆಲನ್ನು ಮಡಚಿ ಹೊಲಿದ ಬಟ್ಟೆ ಅದು. ಅದನ್ನು ನೀರಿಗೆ ಅದ್ದಿ, ಹಿಂಡಿ, ನೆಲದ ಮೇಲೆ ಹರಡಿ, ಎರಡೂ ಅಂಗೈ ಊರಿ, ಸೊಂಟ ಎತ್ತಿ, ತರಗತಿಗಳ ಮುಂದಿನ ಉದ್ದನೆಯ, ಮರದ ನೆಲದ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ಓಡಬೇಕು. ಓಡುವುದೇನೋ ಬಂತು. ಹಿಂಡುವುದು ಬರಲಿಲ್ಲ. ನಮ್ಮ ಮನೆಯಲ್ಲಿ ಹಿಂಡುವುದು ವಾಷಿಂಗ್ ಮಷೀನು. ಕೋಸಂಬರಿಗೆ ನಿಂಬೆಹಣ್ಣು ಹಿಂಡಿದ ಹಾಗೆ ಒಮ್ಮೆ ಒತ್ತಿ ಓಡಿದೆ. ಹಿಂದೆ ನೀರಿನ ದಾರಿಯೊಂದು ಮಿನುಗುತ್ತ ಉಳಿಯಿತು. ಯಾರೂ ತಪ್ಪು ತೋರಿಸಲಿಲ್ಲ. "ಚೆನ್ನಾಗಿದೆ, ಚೆನ್ನಾಗಿದೆ" ಎಂದರು. ನಾನು ನಂಬಿದೆ.

ನಂಬಿದ್ದು ಸಾಲದೆಂದು ಫೋಟೋ ತೆಗೆಸಿಕೊಂಡು ಮನೆಗೆ ಕಳಿಸಿದೆ. ಅಮ್ಮ ಅದನ್ನು ನೆಂಟರ ಗುಂಪಿಗೆ ಹಾಕಿದಳು. "ಇದಕ್ಕಾ ಅಷ್ಟು ದೂರ ಕಳ್ಸಿದ್ದು? ನಮ್ಮನೇಲೂ ನೆಲ ಇತ್ತಲ್ಲಮ್ಮ" ಎಂದು ಮೈಸೂರಿನ ಮಾವ ಬರೆದರು. ನಾನು ಅವರಿಗೆ ದುಡಿಮೆಯ ಘನತೆಯ ಬಗ್ಗೆ ಉದ್ದನೆಯ ಉತ್ತರ ಬರೆದೆ. ಆ ಉತ್ತರ ಈಗಲೂ ಗುಂಪಿನಲ್ಲಿದೆ. ತೆರೆದು ಓದುವ ಧೈರ್ಯ ನನಗಿಲ್ಲ.

ಚಳಿ ಶುರುವಾಗಿದ್ದ ಒಂದು ಮಧ್ಯಾಹ್ನ ಸೈಕಲ್ಲಿನ ಹತ್ತಿರ ಹೋದ ಮೇಲೆ ಕೀ ತರಗತಿಯಲ್ಲೇ ಬಿಟ್ಟದ್ದು ನೆನಪಾಯಿತು. ಮಿಸಾಕಿ ಇನ್ನೂ ಬಂದಿರಲಿಲ್ಲ. ವಾಪಸು ಹೋದೆ. ಓಣಿ ಖಾಲಿಯಾಗಿತ್ತು, ಅವಳೊಬ್ಬಳೇ ಮೊಣಕಾಲೂರಿ ಒರೆಸುತ್ತಿದ್ದಳು. ನಾನು ಆಗಷ್ಟೇ ಒರೆಸಿದ್ದ, ನನ್ನ ಪಾಲಿನ ಓಣಿ. ನನ್ನನ್ನು ಕಂಡವಳೇ ಬಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿ, "ಇಲ್ಲೊಂದು ಕಲೆ ಇತ್ತು, ಅಷ್ಟೇ" ಎಂದಳು. ಕದ್ದು ಸಿಕ್ಕಿಬಿದ್ದವಳ ಮುಖ. ಸಿಕ್ಕಿಬಿದ್ದದ್ದು ನಾನು ಎಂದು ನನಗೆ ಗೊತ್ತಿತ್ತು.

ಕೀ ತೆಗೆದುಕೊಂಡೆ. ದಾರಿಯುದ್ದಕ್ಕೂ ಮರುದಿನದ ಪರೀಕ್ಷೆಯ ಬಗ್ಗೆ ಮಾತಾಡಿದೆವು. ಯಾವಾಗಿನಿಂದ ಹೀಗೆ ಮಾಡುತ್ತಿದ್ದೀ ಎಂದು ಕೇಳಲಿಲ್ಲ. ಆ ಮನೆಯಲ್ಲಿ ನಾನು ತೊಳೆದಿಟ್ಟ ತಟ್ಟೆಗಳು, ನಾನು ಮಡಚಿದ ಹಾಸಿಗೆ ಎಲ್ಲದರ ಮೇಲೂ ಅಂದಿನಿಂದ ನನಗೆ ಅನುಮಾನ ಬಂತು. ಯಾರಾದರೂ ಬೈದಿದ್ದರೆ ಅತ್ತು ಕಲಿಯುತ್ತಿದ್ದೆ. ಅಷ್ಟು ಪ್ರೀತಿಯಿಂದ ಮುಚ್ಚಿಟ್ಟರೆ ಏನು ಮಾಡುವುದು? ಮಿಸಾಕಿಯ ಅಜ್ಜಿ ಅಡುಗೆಮನೆಯಲ್ಲಿ ಬಟ್ಟೆಯನ್ನು ನೆಟ್ಟಗೆ ಹಿಡಿದು, ಒಂದು ಕೈ ಮೇಲೆ ಒಂದು ಕೈ ಕೆಳಗೆ ಇಟ್ಟು ತಿರುಚುವುದನ್ನು ಕದ್ದು ನೋಡಿ ಕಲಿತೆ. ಆಮೇಲೆ ನನ್ನ ಓಣಿ ಬೇಗ ಒಣಗುತ್ತಿತ್ತು. ಮಿಸಾಕಿ ಎರಡನೇ ಸಲ ಒರೆಸುವುದನ್ನು ನಿಲ್ಲಿಸಿದಳೋ ಇಲ್ಲವೋ ಗೊತ್ತಿಲ್ಲ. ತಿರುಗಿ ಹೋಗಿ ನೋಡಲಿಲ್ಲ.

ಆಮೇಲೆ ಕಾಲೇಜು, ಹಾಸ್ಟೆಲು; ಈಗ ಮತ್ತೆ ದೋಹಾ, ಅಲ್ ಸದ್ದ್‌ನಲ್ಲಿ ಕೆಲಸ, ಅಪ್ಪ ಅಮ್ಮನ ಮನೆ. ಐರಿನ್ ಆಂಟಿ ಹೋದ ಮೇಲೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ನೆಲವನ್ನು ನಾನೂ ಒಮ್ಮೆ ಒರೆಸುತ್ತಿದ್ದೆ. ಕಾಲೆತ್ತಿ ಕೂತ ವರ್ಷಗಳಿಗೆ ಅದು ನನ್ನ ಲೆಕ್ಕದ ಪ್ರಾಯಶ್ಚಿತ್ತ. ಯಾರಿಗೂ ಹೇಳಿರಲಿಲ್ಲ; ಹೇಳದೆ ಇರುವುದೇ ದೊಡ್ಡತನ ಎಂದುಕೊಂಡಿದ್ದೆ. ಅಮ್ಮ ಆ ಬಟ್ಟೆ ಹಿಡಿದು ನಿಲ್ಲುವವರೆಗೂ, ಮಿಸಾಕಿ ನನಗೆ ಮಾಡಿದ್ದನ್ನೇ ನಾನು ಐರಿನ್ ಆಂಟಿಗೆ ಮಾಡುತ್ತಿದ್ದೇನೆಂದು ಹೊಳೆದಿರಲಿಲ್ಲ.

ಅಡುಗೆಮನೆಗೆ ಹೋದೆ. ಅವರು ಬೆನ್ನು ತಿರುಗಿಸಿಕೊಂಡೇ ಕುಕ್ಕರ್ ತಿಕ್ಕುತ್ತಿದ್ದರು.

"ಆಂಟೀ, ನಿಮ್ಮ ಕೆಲಸ ಸರಿ ಇಲ್ಲ ಅಂತಲ್ಲ..."

"ಮತ್ತೆಂತ? ಕೊಳೆ ಉಳಿದ್ರೆ ಎದುರಿಗೆ ಹೇಳ್ಲಿಕ್ಕೆ ಆಗುದಿಲ್ವಾ ನಿನಗೆ? ನಾಲ್ಕು ಮನೆ ಮಾಡ್ತೇನೆ ನಾನು. ಯಾರೂ ನನ್ನ ಹಿಂದಿಂದ ಒರೆಸಿದ್ದಿಲ್ಲ."

ಶಾಲೆಯ ಕಥೆ ಹೇಳಿದೆ. ಅವರು ತಿರುಗಿ ನೋಡಿದರು. "ಫೀಸು ಕೊಟ್ಟು ಶಾಲೆ ಒರೆಸುದಾ? ಒಳ್ಳೆ ಊರು ಮಾರಾಯ್ತಿ! ನಾನು ಇಲ್ಲಿಗೆ ಬರುದರ ಬದ್ಲು ಅಲ್ಲಿಗೆ ಹೋಗಿದ್ರೆ ಹೆಡ್‌ಮಿಸ್ ಆಗ್ತಿದ್ದೆ." ಆಮೇಲೆ ಮಿಸಾಕಿಯ ವಿಷಯ ಹೇಳಿದೆ. ಇಷ್ಟು ವರ್ಷದಲ್ಲಿ ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅವರ ನಗು ನಿಂತಿತು.

"ಆಗ ಹೇಗಾಯ್ತು ನಿನಗೆ?"

"ತುಂಬಾ ನಾಚಿಕೆ ಆಯ್ತು ಆಂಟಿ."

"ಹಾಂ" ಎಂದರು. ನಲ್ಲಿ ತಿರುಗಿಸಿ ಕುಕ್ಕರ್ ತೊಳೆದು ಬೋರಲು ಹಾಕಿದರು. "ನಿನಗೆ ಒರೆಸ್ಲೇಬೇಕು ಅಂತ ಇದ್ರೆ ನಾನು ಬರುವ ಮೊದ್ಲು ಒರೆಸು ಮಗಾ. ನಾನು ಹೋದ ಮೇಲೆ ಬೇಡ." ಮುಂದಿನ ತಿಂಗಳು ಬರುತ್ತೀರಾ ಎಂದು ಕೇಳಿದೆ. "ನೋಡುವ" ಎಂದರು.

ಇವತ್ತು ಬುಧವಾರ, ಅವರು ಬರುವ ದಿನ. ಬೇಗ ಎದ್ದು ಕೋಣೆ ಒರೆಸಿ, ಆಫೀಸಿಗೆ ಸಿದ್ಧಳಾಗಿ ನಿಂತಿದ್ದೆ. ಐರಿನ್ ಆಂಟಿ ಮಾಪು ಹಿಡಿದು ಬಂದವರು ಹೊಸಿಲಲ್ಲೇ ನಿಂತು ನೆಲ ನೋಡಿದರು. ಬಗ್ಗಿ ಮಂಚದ ಕೆಳಗೂ ನೋಡಿದರು.

"ಆ ಹಿಂದಿನ ಮೂಲೆ ಯಾರಿಗೆ ಬಿಟ್ಟದ್ದು? ನನಗಾ?"

ಒಂದಿಡೀ ವರ್ಷ ಆ ಓಣಿಯಲ್ಲಿ ಯಾರೂ ನನಗೆ ಹೇಳದ ಮಾತು. ಇಸ್ತ್ರಿ ಹಾಕಿದ ಬಟ್ಟೆಯಲ್ಲೇ ಮೊಣಕಾಲೂರಿ ಮಂಚದ ಕೆಳಗೆ ತೂರಿದೆ.

"ಇನ್ನೂ ಒಳಗೆ. ಕೈ ಉದ್ದ ಮಾಡು. ಒತ್ತಿ ಒರೆಸು ಮಗಾ, ಬೆಕ್ಕಿಗೆ ಮೈ ಸವರುದಲ್ಲ."

ನಾನಿನ್ನೂ ಅಲ್ಲೇ ಇದ್ದೆ. ಮೇಲಿನಿಂದ ಅವರು ಅಡುಗೆಮನೆಯ ಕಡೆಗೆ ಕೂಗಿ ಹೇಳುವುದು ಕೇಳಿಸಿತು: "ಮೇಡಮ್, ಫಿನಾಯಿಲ್ ಖಲಾಸ್. ಈ ಸಲ ದೊಡ್ಡ ಬಾಟ್ಲಿಯೇ ತರ್ಸಿ, ಬರುವ ತಿಂಗಳಿಗೂ ಬೇಕಲ್ಲ."