ಸಮ ಮಾಡಿದ ಹಲ್ಲುಗಳು

ಅಥವಾ ಆಡು ಅಡ್ಡ ಬಂದಿರಲೇ ಇಲ್ಲವೋ ಏನೋ. ಅದನ್ನು ಉಳಿಸಲು ಹೋಗಿ ಸೈಕಲ್ಲಿನಿಂದ ಬಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಇಂದು ಬೆಳಿಗ್ಗೆ ಇಳಕಲ್ಲಿನ ಪೇಟೆಯಲ್ಲಿ ಯಾರದೋ ಸೈಕಲ್ಲಿನ ಸರಪಳಿ ಕಟಕಟನೆ ಜಾರಿದ ಸದ್ದು ಕೇಳಿ, ಆ ಆಡಿನ ಬಣ್ಣ ನೆನೆಸಿಕೊಳ್ಳಲು ನೋಡಿದೆ. ಒಮ್ಮೆ ಕರಿದು, ಒಮ್ಮೆ ಕಂದು. ಇಂಥ ಆಡನ್ನು ನೀವು ನಂಬಬೇಡಿ. ರುಮಾಲು ಸರಿಮಾಡಿಕೊಳ್ಳಲು ಕೈಬಿಟ್ಟು ಬಿದ್ದಿರಬೇಕು.

ಬಿದ್ದದ್ದು ಮಾತ್ರ ನಿಜ, ಶಿರೂರಿನ ಹತ್ತಿರ. ಹುನಗುಂದದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿ ಬಾಗಲಕೋಟೆಯಿಂದ ಹೊರಟಿದ್ದೆ. ಅಂದು ಸಂಜೆಯೊಳಗೆ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬನಿಗೆ. ಸೈಕಲ್ಲು ಸೋದರಮಾವನದು, ಆಗ ಊರಿಗೊಂದಿದ್ದರೆ ಹೆಚ್ಚು. ಪೆಡಲಿನ ಬಳಿಯ ಹಲ್ಲುಗಾಲಿ ಕಲ್ಲಿಗೆ ಬಡಿದು ಎರಡು ಹಲ್ಲಿನ ತುದಿ ಮುರಿದಿತ್ತು. ತುಳಿದರೆ ಓಡುತ್ತಿತ್ತು, ಸುತ್ತಿಗೊಮ್ಮೆ ಸರಪಳಿ ಕುಪ್ಪಳಿಸುತ್ತಿತ್ತು, ಅಷ್ಟೆ. ಹಾಗೇ ಹೋಗಬಹುದಿತ್ತು. ಆದರೆ ಹೊಸ ಮಾಸ್ತರು ಸದ್ದು ಮಾಡುತ್ತ ಊರು ಹೊಗುವುದೆಂದರೇನು! ಕಂಬಾರ ಕಾಳಪ್ಪನ ಕುಲುಮೆಗೆ ನೂಕಿಕೊಂಡು ಹೋದೆ.

ಬಿತ್ತನೆಯ ದಿನಗಳು. ರೈತರು ಹೊಲ ಹರಗಿ ಹದಮಾಡುವ ಹಲ್ಲುಕುಂಟೆಗಳನ್ನು ಇಟ್ಟುಕೊಂಡು ಸರದಿ ಕಾಯುತ್ತಿದ್ದರು. ನಾನು ಮಾಸ್ತರನೆಂದು ಯಾರೂ ಕೇಳದೆಯೇ ಹೇಳಿಕೊಂಡೆ.

"ಕಬ್ಬಿಣದ ಕುದರಿ ಒದೀತೇನ್ರಿ ಮಾಸ್ತರ?" ಒಬ್ಬ ಮುದುಕ ಕೇಳಿದ.

"ಆಡು ಅಡ್ಡ ಬಂತು."

"ಅಯ್ಯ, ಆಡಿಗೇನರ ಆತೇನು?"

ಕಾಳಪ್ಪ ಹಲ್ಲುಗಾಲಿ ಬಿಚ್ಚಿ ಬೆಳಕಿಗೆ ಹಿಡಿದ. "ಎರಡು ಗಿಡ್ಡ ಆಗ್ಯಾವ್ರಿ. ಚಿಂತಿ ಬ್ಯಾಡ, ಹಸನ ಮಾಡಿ ಕೊಡ್ತೇನಿ. ನೆಳ್ಳಾಗ ಕೂಡ್ರಿ."

ಬೇವಿನ ಕೆಳಗೆ ಕೂತು, ಹೆಡ್ಮಾಸ್ತರರ ಮುಂದೆ ಆಡಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದೆ. ಕರೆದಾಗ ಹೋಗಿ ನೋಡುತ್ತೇನೆ: ಎಲ್ಲ ಹಲ್ಲುಗಳನ್ನೂ ಆ ಎರಡರ ಮಟ್ಟಕ್ಕೆ ಅರದಿಂದ ತಿಕ್ಕಿಬಿಟ್ಟಿದ್ದಾನೆ!

"ಏನ್ ಮಾಡಿದ್ಯೋ ಮಾರಾಯಾ!"

"ಸಮ ಮಾಡೇನ್ರಿ. ಕುಂಟಿ ಹಲ್ಲು ಒಂದ್ ಉದ್ದ, ಒಂದ್ ಗಿಡ್ಡ ಇದ್ರ ಹೊಲ ಹಸನಾಗ್ತದೇನು?"

"ಇದರಾಗ ಹೊಲ ಹರಗ್ತಾರೇನಲೇ?"

"ನನಗ್ಯಾಕ ಬೈತೀರಿ? ನಿಮ್ಮನ್ನ ಕೇಳೇ ಅರ ಹಚ್ಚೇನಿ."

ರೈತರು ಗಾಲಿಯನ್ನು ಕೈಯಿಂದ ಕೈಗೆ ದಾಟಿಸಿ ಬೆರಳಾಡಿಸಿದರು. "ಭಾಳ ನುಣ್ಣಗಾಗೇತಿ ಬಿಡು," ಎಂದ ಮುದುಕ. ನುಣ್ಣಗಾಗಿತ್ತು, ನಿಜವೇ. ಸರಪಳಿ ಅದರ ಮೇಲೆ ಬೆಣ್ಣೆಯಂತೆ ಜಾರಿತು. ಸೈಕಲ್ಲು ಗೇಣೂ ಮುಂದೆ ಹೋಗಲಿಲ್ಲ.

ನೂಕಿಕೊಂಡು ಹುನಗುಂದ ಮುಟ್ಟಿದ್ದು ಮರುದಿನ. ಶಾಲೆಯೊಳಗೆ ಬೇರೆ ದನಿ ಮಗ್ಗಿ ಹೇಳಿಸುತ್ತಿತ್ತು. "ನಿನ್ನೆ ಬರಬೇಕಿತ್ರಿ," ಎಂದರು ಹೆಡ್ಮಾಸ್ತರರು. ಬಾಯಿಪಾಠ ಮಾಡಿದ ಮಾತುಗಳ ಸಮೇತ ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದೆ.

ಆಮೇಲಿನ ಆಯುಷ್ಯವೆಲ್ಲ ಇಳಕಲ್ಲಿನ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಡಿಸಿ ತೋರಿಸುವುದರಲ್ಲಿ, ಮತ್ತೆ ಮಡಿಸುವುದರಲ್ಲಿ ಕಳೆಯಿತು. ಕಂಬಾರನ ಕತೆ ಹೇಳಿ ಗಿರಾಕಿಗಳನ್ನು ಎಷ್ಟು ಸಲ ನಗಿಸಿದ್ದೇನೋ. ಇಂದು ಒಬ್ಬರಿಗೆ ಹೇಳಲು ಹೊರಟು ನಡುವೆಯೇ ನಿಂತುಬಿಟ್ಟೆ. ಬೇವಿನ ಕೆಳಗೆ ಕೂತಿದ್ದಾಗ, "ಎಲ್ಲಾ ಒಂದಳತಿಗೆ ತರ್ಲ್ಯಾ?" ಎಂದು ಯಾರೋ ಕೇಳಿದಂತೆ, ನಾನು ತಲೆಯೆತ್ತದೆ ಹೂಂ ಎಂದಂತೆ ಅನಿಸಿತು. ಆ ದನಿ ನಿಜವಾಗಿ ಕೇಳಿತ್ತೋ, ಇಂದು ನಾನೇ ಕಟ್ಟುತ್ತಿದ್ದೇನೋ? ಕಾಳಪ್ಪ ತೀರಿಹೋಗಿ ಬಹಳ ವರ್ಷವಾಯಿತು. ನಾನು ಹೂಂ ಎಂದೆನೋ ಇಲ್ಲವೋ, ನನಗೆ ಗೊತ್ತಿಲ್ಲ.