ಪೊಲೀಸ್ ಜೀಪಿನಲ್ಲಿ ಯಜಮಾನರ ದನಿ

ಜೀಪಿನ ಲೌಡ್‌ಸ್ಪೀಕರ್ ಗರಗರ ಎಂದಿದ್ದೇ ತಡ, ಇಂಡಿ ಪಟ್ಟಣದ ಗ್ಯಾರೇಜೊಂದರ ಎದುರಿದ್ದ ತರಕಾರಿ ಗಾಡಿಗಳೆಲ್ಲ ರಸ್ತೆಯಂಚಿಗೆ ಸರಿದವು.

ಹರಾಜಿನಲ್ಲಿ ಕೊಂಡ ಈ ಹಳೆಯ ಪೊಲೀಸ್ ಜೀಪಿಗೆ ಹಾಕಿಸಲೆಂದು ನನ್ನ ಯಜಮಾನರು ಗುಜರಿಯಿಂದ ಯಾವುದೋ ಕಾರಿನ ಟಚ್‌ಸ್ಕ್ರೀನ್ ಸೆಟ್ ತಂದಿಟ್ಟಿದ್ದರು. ಹಾಕಿಸುವ ಮೊದಲೇ ತೀರಿಕೊಂಡರು. ಅದನ್ನು ಈಗ ನಾನು ಹಾಕಿಸುತ್ತಿದ್ದೆ.

"ಫೋನಿನಾಗ ಏನಾರ ಹಚ್ಚಿ ನೋಡ್ರಿ ಅಕ್ಕಾರ" ಎಂದಿದ್ದ ಮೆಕ್ಯಾನಿಕ್ ಮೆಹಬೂಬ್. ಯಜಮಾನರ ಕೊನೆಯ ವಾಯ್ಸ್ ಮೆಸೇಜನ್ನು ಮತ್ತೆ ಕೇಳುವ ಧೈರ್ಯ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಜೀಪಿನ ಬಾಗಿಲು ಹಾಕಿಕೊಂಡು ಒಬ್ಬಳೇ ಮೆಲ್ಲಗೆ ಕೇಳೋಣವೆಂದು ಒತ್ತಿದೆ. ಆದರೆ ಮೆಹಬೂಬ್ ಸೆಟ್ಟಿನ ವೈರನ್ನು ಪೊಲೀಸರು ಬಿಟ್ಟುಹೋಗಿದ್ದ ಲೌಡ್‌ಸ್ಪೀಕರಿಗೆ ಜೋಡಿಸಿಬಿಟ್ಟಿದ್ದ.

"ಏ, ಬದ್ನಿಕಾಯಿ ತರೂದು ಮರ್ತ ಬಿಟ್ಟೇನಿ. ಬೈಬ್ಯಾಡ ಮತ್ತ" ಎಂದು ಅವರ ದನಿ ಬಜಾರಿಗೆಲ್ಲ ಕೇಳಿಸಿತು.

ಗಾಡಿ ಸರಿಸಿದ್ದ ಅಜ್ಜಿಯೊಬ್ಬಳು ತಿರುಗಿ ಬಂದು, "ಪೊಲೀಸರು ಬಂದ್ರು ಅಂತ ಅಂಜಿದ್ದೆ. ನೋಡಿದ್ರ ನಿನ್ನ ಗಂಡ ನನಗಿಂತ ಹೆಚ್ಚ ಅಂಜ್ಯಾನಲ್ಲವಾ" ಎಂದಳು. ಯಜಮಾನರು ಹೋದಮೇಲೆ ನಾನು ನಕ್ಕಿದ್ದು ಅಂದೇ ಮೊದಲು.

ವೈರ್ ಬಿಚ್ಚಲೇ ಎಂದು ಮೆಹಬೂಬ್ ಕೇಳಿದ. ಇನ್ನೊಂದು ಸಲ ಕೇಳಿ ಬಿಚ್ಚೋಣ ಎಂದೆ. ಮನೆಗೆ ಹೋಗುವಾಗ ಅಜ್ಜಿಯ ಗಾಡಿಯಿಂದ ಬದನೆಕಾಯಿ ಒಯ್ದೆ.