ಬೆನ್ನಿಗಿಟ್ಟ ಬಿಸಿ ಕಲ್ಲು

ಆ ಮಧ್ಯಾಹ್ನ ಪೇಟೆಯಿಂದ ಬಂದಾಗ ಶಹಾಬಾದಿನ ನಮ್ಮ ಮನೆಯಲ್ಲಿ ಸದ್ದೇ ಇರಲಿಲ್ಲ. ತಿಂಗಳುಗಟ್ಟಲೆ ಕೇಳುತ್ತಿದ್ದ ಅವ್ವನ ನರಳಾಟ ನಿಂತಿತ್ತು. ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದು, ಗುಳಿಗೆ ನುಂಗಲೂ ಆಗದಂತಾದಾಗ, ಮನೆಗೇ ಬರುವ ಆಸ್ಪತ್ರೆಯ ಸಿಸ್ಟರ್ ಅವಳ ಬೆನ್ನಿಗೆ ನೋವಿನ ಪಟ್ಟಿ ಅಂಟಿಸಿದ್ದರು. ಔಷಧ ಚರ್ಮದಿಂದಲೇ ನಿಧಾನಕ್ಕೆ ಒಳಗಿಳಿಯುವ ತೆಳು ಪಟ್ಟಿ. "ಇದರ ಮ್ಯಾಲ ಬಿಸಿ ಮಾತ್ರ ಇಡಬ್ಯಾಡ್ರಿ. ಔಷಧ ಒಮ್ಮಿಗೇ ಇಳೀತದ," ಎಂದು ಹೇಳಿ ಹೋಗಿದ್ದರು.

ಚಿಂಚೋಳಿಯಿಂದ ಬಂದಿದ್ದ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ನಾನೂ ಅದನ್ನೇ ಹೇಳಿದ್ದೆ. ಈಗ ಅವಳು ಹೊಸ್ತಿಲಲ್ಲಿ ನಗುತ್ತ ನಿಂತಿದ್ದಳು.

"ಸದ್ದು ಮಾಡಬ್ಯಾಡ. ನಿಮ್ಮವ್ವ ಛಂದ ಮಲಗ್ಯಾಳ."

ಖುಷಿಯಾಗಬೇಕಿತ್ತು, ಆಗಲಿಲ್ಲ. ಒಳಗಿನಿಂದ ಕಮರಿದ ಬಟ್ಟೆಯ ವಾಸನೆ ಬರುತ್ತಿತ್ತು.

"ಏನ್ ಮಾಡ್ದಿ ಚಿಗವ್ವಾ?"

"ಸಂಕಟ ನೋಡಲಿಕ್ಕ ಆಗ್ಲಿಲ್ಲವಾ. ಒಂದೀಟು ಕಾವು ಕೊಟ್ಟೆ."

ಅಪ್ಪ ಗಣಿಯಲ್ಲಿ ಕಲ್ಲು ಒಡೆದು ಬಂದ ಸಂಜೆಗಳಲ್ಲಿ ಅವ್ವ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಚೂರು ಕಾಸಿ, ಬಟ್ಟೆಯಲ್ಲಿ ಸುತ್ತಿ, ಅವನ ಬೆನ್ನಿಗಿಡುತ್ತಿದ್ದಳು. ಅಕ್ಕನಿಂದ ಕಲಿತದ್ದನ್ನೇ ಚಿಗವ್ವ ಅಕ್ಕನಿಗೆ ಮಾಡಿದ್ದಳು.

ಓಡಿ ಹೋಗಿ ಬಗ್ಗಿ ನೋಡಿದೆ. ಅವ್ವನ ಒಂದು ಉಸಿರು ಬಂತು. ಇನ್ನೊಂದಕ್ಕೆ ಕಾದೆ, ಬರಲೊಲ್ಲದು. ಕಲ್ಲನ್ನು ಎಳೆದೊಗೆದೆ, ಪಟ್ಟಿ ಕಿತ್ತೆ, ಸಿಸ್ಟರ್‌ಗೆ ಫೋನ್ ಹಚ್ಚಿದೆ.

"ಔಷಧ ಹೆಚ್ಚಾಗ್ಯದ, ಉಸಿರು ನಿಂತೀತು. ಎಬ್ಬಿಸ್ಕೋತ ಇರ್ರಿ, ಮಲಗಲಿಕ್ಕ ಬಿಡಬ್ಯಾಡ್ರಿ! ಈಗಿಂದೀಗ ಕರ್ಕೊಂಡ್ ಬರ್ರಿ!"

ನನ್ನ ಬಾಯಿ ಮೊದಲೇ ಜೋರು. ಆಟೊದಲ್ಲಿ ದಾರಿಯುದ್ದಕ್ಕೂ ಅವ್ವನ ಕೆನ್ನೆ ತಟ್ಟಿದೆ, ಬೈದೆ. "ಕಣ್ಣು ತೆಗಿ! ಹೋದಿ ಅಂದ್ರ ನೋಡು ಮತ್ತ!" ಕೇಳಿದವರಿಗೆ ಹುಚ್ಚಿ ಅನ್ನಿಸಿರಬೇಕು. ಚಿಗವ್ವ ಕೈಮುಗಿದುಕೊಂಡು ಪಕ್ಕದಲ್ಲಿ ಕೂತಿದ್ದಳು.

ಅವ್ವ ಉಳಿದಳು. ಮರುದಿನ ಔಷಧದ ಅಮಲು ಹರಿದು ನೋವು ವಾಪಸು ಬಂತು. ಆಸ್ಪತ್ರೆಯ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು ನನ್ನತ್ತ ತಿರುಗಿದಳು.

"ಭಾಳ ದಿನಕ್ಕ ನಿದ್ದಿ ಹತ್ತಿತ್ತು. ಯಾಕ ಎಬ್ಬಿಸಿದಿ?"

ಚಿಗವ್ವ ಗೋಡೆಗೆ ಮುಖ ಮಾಡಿ ಅತ್ತಳು. ನನಗೆ ಅಳುವೂ ಬರಲಿಲ್ಲ, ಸುಳ್ಳೂ ಹೇಳಲಾಗಲಿಲ್ಲ.

"ನಿನ್ನ ಸಲುವಾಗಿ ಅಲ್ಲವ್ವಾ. ನನ್ನ ಸಲುವಾಗಿ."

ಸಿಸ್ಟರ್ ಹೊಸ ಪಟ್ಟಿಯ ಕವರು ಹರಿಯುತ್ತಿದ್ದರು.

"ಆತು," ಎಂದಳು ಅವ್ವ. "ಇನ್ನೊಂದೀಟು ಇರ್ತೀನಿ. ಮುಂದಿನ ಸಲ ಎಬ್ಬಿಸಬ್ಯಾಡ."